ವಿಜಯಪುರದ ಎರಡು ತಟ್ಟೆಗಳು

ವಿಜಯಪುರಕ್ಕೆ ಹೋಗುವವರೆಲ್ಲ ಗೋಲಗುಮ್ಮಟ ನೋಡಲೆಂದೇ ಹೋಗುತ್ತಾರೆ. ಶಾಲೆಯಲ್ಲಿದ್ದಾಗ ಪ್ರವಾಸದ ಬಸ್ಸಿನಲ್ಲಿ ನಾನೂ ಹಾಗೆಯೇ ಹೋಗಿದ್ದೆ. ಆಗ ಅದು ಬಿಜಾಪುರ. ಗುಮ್ಮಟದ ಒಳಗೆ ನಿಂತು ಗೆಳತಿಯ ಹೆಸರು ಕೂಗಿದ್ದು, ಅದು ಗೋಡೆಯಿಂದ ಗೋಡೆಗೆ ಹಾರುತ್ತಾ ಮತ್ತೆ ಮತ್ತೆ ನಮ್ಮ ಕಿವಿಗೇ ಮರಳಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಈ ಸಲ ಜನವರಿಯಲ್ಲಿ ನಾನು ಹೊರಟದ್ದು ರೋಗಿಯೊಬ್ಬರ ಕ್ಷೇಮ ವಿಚಾರಿಸಲು.

ಅವರು ಮಂಗಳೂರಿನಲ್ಲಿ ಎಂಟು ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದವರು. ಗಂಡನ ಸರಕಾರಿ ಕೆಲಸಕ್ಕಾಗಿ ವಿಜಯಪುರದಿಂದ ಬಂದು, ಅವರು ನಿವೃತ್ತರಾದ ಮೇಲೆ ಊರಿಗೆ ಮರಳಿದ್ದರು. ನಮ್ಮ ಮಕ್ಕಳು ಅವರನ್ನು ಆಪಾ ಎಂದು ಕರೆಯುತ್ತಿದ್ದರು, ಕೊನೆಗೆ ನಾನೂ ಹಾಗೆಯೇ ಕರೆಯತೊಡಗಿದೆ. ಡಿಸೆಂಬರಿನಲ್ಲಿ ಅವರ ಮಗ ಫೋನ್ ಮಾಡಿ, "ಅಮ್ಮೀಯ ಎಡಗಾಲಿನ ಎರಡು ಬೆರಳು ತೆಗೆದಿದ್ದಾರೆ" ಎಂದಾಗ ನನಗೆ ಮಾತೇ ಹೊರಡಲಿಲ್ಲ. ಆಪಾಗೆ ಇನ್ನೂ ಐವತ್ತೈದು ತುಂಬಿಲ್ಲ.

ಇನ್ನೊಂದು ವಿಷಯವನ್ನೂ ನಿಮ್ಮೊಂದಿಗೆ ಮುಚ್ಚಿಡುವುದಿಲ್ಲ. ಅದಕ್ಕೂ ಎರಡು ತಿಂಗಳ ಹಿಂದೆ ನನ್ನ ರಕ್ತ ಪರೀಕ್ಷೆಯಾಗಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 6.2 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದರ್ಥ. ವೈದ್ಯರು ಮಾತ್ರೆ ಕೊಡಲಿಲ್ಲ, "ಊಟ ನೋಡಿಕೊಳ್ಳಿ" ಎಂದಷ್ಟೇ ಹೇಳಿದರು. ಊಟವನ್ನು ನೋಡಿಕೊಳ್ಳುವುದೆಂದರೆ ಏನು? ನಮ್ಮ ಮನೆಗಳಲ್ಲಿ ಎಲ್ಲರ ಊಟ ನೋಡುವವರು ನಾವೇ, ನಮ್ಮ ಊಟವನ್ನು ಮಾತ್ರ ಯಾರೂ ನೋಡುವುದಿಲ್ಲ.

ಮಂಗಳೂರಿನಿಂದ ಮಧ್ಯಾಹ್ನ ಹೊರಟ ರೈಲು ಘಾಟಿ ಹತ್ತಿ, ರಾತ್ರಿಯೆಲ್ಲಾ ಓಡಿ, ಬೆಳಕು ಹರಿಯುವಾಗ ಬೇರೆಯೇ ಲೋಕದಲ್ಲಿರುತ್ತದೆ. ತೆಂಗು, ಅಡಕೆ, ಹಸಿರು ಗುಡ್ಡ ಏನೂ ಇಲ್ಲ. ಬಾಗಲಕೋಟೆ ದಾಟಿ, ಆಲಮಟ್ಟಿಯ ಬಳಿ ಕೃಷ್ಣಾ ನದಿಯನ್ನೂ ದಾಟಿದ ಮೇಲೆ ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ, ಅದರ ಮೇಲೆ ಆಳೆತ್ತರದ ಜೋಳ. ಮಳೆಗಾಲ ಮುಗಿಯುವಾಗ ಬಿತ್ತಿದರೆ ಆಮೇಲೆ ಮಳೆ ಬಾರದಿದ್ದರೂ ಎರೆಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆಯುವ ಬೆಳೆ ಇದು. ನಡುವೆ ಸಾಲು ಸಾಲಾಗಿ ಮುಳ್ಳುಮುಳ್ಳಿನ ಗಿಡಗಳು. "ಅದು ಕುಸುಬಿ. ನಮ್ಮ ಹಳೇ ಅಡಿಗೆ ಎಣ್ಣಿ" ಎಂದು ಎದುರಿಗೆ ಕೂತಿದ್ದ ಹೆಂಗಸು ಹೇಳಿದರು. ಕಾಲುವೆ ನೀರು ಬಂದಲ್ಲೆಲ್ಲ ಕಬ್ಬು, ಕೆಲವೆಡೆ ದ್ರಾಕ್ಷಿ ತೋಟ. ಜೋಳ ಕಡಿಮೆಯಾಗುತ್ತಿದೆ ಎಂದು ಅವರೇ ಹೇಳಿದರು.

ಆಪಾ ಮಂಚದಲ್ಲಿ ಕಾಲು ಚಾಚಿ ಕೂತಿದ್ದರು. ಸಲಾಮ್ ಹೇಳಿ ಕೈ ಹಿಡಿದಾಗ ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಅವರೇ ನಗುತ್ತಾ ನಡೆದದ್ದನ್ನು ಹೇಳಿದರು. ಚಪ್ಪಲಿಯ ಒಳಗಿನಿಂದ ಸಣ್ಣ ಮೊಳೆಯೊಂದು ಎದ್ದಿತ್ತು. ದಿನವಿಡೀ ಅದೇ ಚಪ್ಪಲಿ ಹಾಕಿ ಓಡಾಡಿದ್ದಾರೆ, ನೋವೇ ಆಗಿಲ್ಲ. ನೆಲದ ಮೇಲೆ ರಕ್ತದ ಹೆಜ್ಜೆ ಕಂಡು ಕೂಗಿದ್ದು ಸೊಸೆ. ಅಷ್ಟರಲ್ಲಿ ಗಾಯಕ್ಕೆ ಎರಡು ದಿನವಾಗಿತ್ತು.

ಸಕ್ಕರೆ ಕಾಯಿಲೆಯ ಭಯಂಕರ ಗುಣವೇ ಇದು, ಸಹೋದರಿಯರೇ. ಅದು ನೋಯುವುದಿಲ್ಲ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಮೊದಲು ಜೋಮು ಹಿಡಿಯುತ್ತವೆ, ನಂತರ ಸ್ಪರ್ಶವನ್ನೇ ಮರೆಯುತ್ತವೆ. ಕಾಲಿಗೆ ರಕ್ತದ ಓಟವೂ ಕುಗ್ಗುವುದರಿಂದ ಗಾಯ ಬೇಗ ಮಾಯುವುದಿಲ್ಲ. ಆಪಾಗೆ ಕಾಯಿಲೆ ಇರುವುದು ಗೊತ್ತಾಗಿ ಆರು ವರ್ಷ. ಎಷ್ಟು ವರ್ಷದಿಂದ ಇತ್ತೋ ಗೊತ್ತಿಲ್ಲ. "ಬಾಯಾರಿಕೆ ಆಗ್ತಿತ್ತು, ಸೆಖೆಗೆ ಅಂದ್ಕೊಂಡೆ. ನಿಮ್ಮ ಮಂಗಳೂರಿನ ಸೆಖೆ ಗೊತ್ತಲ್ಲಾ" ಎಂದರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಆ ಮನೆಯಲ್ಲಿ ಎರಡು ಬಗೆಯ ತಟ್ಟೆಗಳಿರುವುದು ಗೊತ್ತಾಯಿತು. ಆಪಾರ ಅತ್ತೆಗೆ ಎಂಬತ್ತು ದಾಟಿದೆ. ಮನೆಯವರೆಲ್ಲ ಅವರನ್ನು ಅಮ್ಮಾ ಎನ್ನುತ್ತಾರೆ. ಅವರ ತಟ್ಟೆಯಲ್ಲಿ ಒಂದು ಜೋಳದ ರೊಟ್ಟಿ, ಪುಂಡಿ ಪಲ್ಯ, ಮಡಿಕೆ ಕಾಳು, ಹಸಿ ಮೆಂತ್ಯ ಸೊಪ್ಪು, ಕೈಯಿಂದ ಗುದ್ದಿದ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಮೊಸರು. ಉಳಿದವರ ತಟ್ಟೆಯಲ್ಲಿ ಬಿಳಿ ಅನ್ನ, ತೆಳ್ಳಗಿನ ಸಾರು, ಒಂದು ಹಪ್ಪಳ. (ಪುಂಡಿ ಪಲ್ಯ ಎಂದಾಗ ನಾನು ನಮ್ಮ ಅಕ್ಕಿಯ ಪುಂಡಿಗೆ ಮಾಡುವ ಪದಾರ್ಥವೆಂದು ತಿಳಿದು ನಗೆಪಾಟಲಾದೆ. ಅಲ್ಲಿ ಪುಂಡಿ ಎಂದರೆ ಹುಳಿ ಸೊಪ್ಪು. ಅವರು ಮನೆಮಾತಿನಲ್ಲಿ ಅಂಬಾಡಾ ಎನ್ನುತ್ತಾರೆ.)

ಅಮ್ಮಾಗೆ ಸಕ್ಕರೆ ಕಾಯಿಲೆ ಇಲ್ಲ. ಕೋಲಿಲ್ಲದೆ ನಡೆಯುತ್ತಾರೆ. "ನೀವು ಯಾವಾಗಲೂ ಇದನ್ನೇ ಉಣ್ಣುತ್ತಿದ್ದಿರಾ ಅಮ್ಮಾ?" ಎಂದು ಕೇಳಿದೆ.

"ನಮ್ಮ ಕಾಲ್ದಾಗ ಅನ್ನ ಅಂದ್ರ ಈದ್ ದಿವ್ಸ ನೋಡಬೇಕು, ಇಲ್ಲಾ ಲಗ್ನದಾಗ ನೋಡಬೇಕು, ಬೇಟಿ. ಬಗಾರಾ ಖಾನಾ, ದಾಲ್ಚಾ ಅಂದ್ರ ಎಂಟ್ ದಿವ್ಸ ಮೊದ್ಲ ಬಾಯಾಗ ನೀರ. ದಿನಾ ಅನ್ನ ಉಣ್ಣಾವ್ರು ಸಾವುಕಾರ್ರು ಅಂತಿದ್ವಿ. ಈಗ ನೋಡು, ನಾವೆಲ್ಲಾರೂ ಸಾವುಕಾರ್ರಾದ್ವಿ!"

ಮಾತು ನಗು ತರಿಸಿತು, ಆದರೆ ಅದರಲ್ಲಿ ಒಂದು ಚರಿತ್ರೆಯೇ ಇದೆ. ಅನ್ನವು ಇಲ್ಲಿ ಗೌರವದ ಊಟವಾಗಿತ್ತು, ರೊಟ್ಟಿ ಬಡತನದ ಊಟವಾಗಿತ್ತು. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಕೂಡಲೇ ಜನ ಅನ್ನಕ್ಕೆ ತಿರುಗಿದರು. ಪಡಿತರದಲ್ಲಿ ಅಕ್ಕಿ ಸಿಗತೊಡಗಿತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಅಕ್ಕಿಗೆ ಪರದಾಡುವ ಸ್ಥಿತಿ ಎಷ್ಟೋ ಮನೆಗಳಲ್ಲಿ ತಪ್ಪಿತು. ಹಸಿದವರ ಮನೆಗೆ ಬಂದ ಅಕ್ಕಿಯನ್ನು ದೂರುವುದು ಹೊಟ್ಟೆ ತುಂಬಿದವರ ಮಾತು, ನಾನು ಹಾಗೆ ದೂರಲಾರೆ. ಆದರೆ ಅಕ್ಕಿಯ ಜೊತೆ ತಟ್ಟೆಯಿಂದ ಏನೇನು ಎದ್ದು ಹೋಯಿತು ಎಂಬುದನ್ನು ನೋಡಬೇಕು. ರೊಟ್ಟಿಯನ್ನು ಬರಿದೇ ತಿನ್ನಲಾಗುವುದಿಲ್ಲ. ಅದು ಕಾಳು ಕೇಳುತ್ತದೆ, ಸೊಪ್ಪು ಕೇಳುತ್ತದೆ, ಹಿಂಡಿ ಕೇಳುತ್ತದೆ. ಅನ್ನಕ್ಕೆ ನೀರು ಸಾರು ಸಾಕು. ರೊಟ್ಟಿ ಹೋದಾಗ ಅದರ ಬಳಗವೂ ಹೋಯಿತು, ಕುಸುಬಿ ಎಣ್ಣೆಯ ಜಾಗಕ್ಕೆ ಪಾಮ್ ಎಣ್ಣೆ ಬಂತು, ಸಂಜೆಯ ಚಹಾದೊಂದಿಗೆ ಬೇಕರಿಯ ಖಾರಿ, ಟೋಸ್ಟ್ ಬಂದವು.

ಅಮ್ಮಾ ಒಳಗೆ ಹೋಗುವಾಗ ಬಲಭುಜವನ್ನು ಎಡಗೈಯಿಂದ ಒತ್ತಿ ಹಿಡಿದಿದ್ದರು. ನಾನು ನೋಡಿದ್ದನ್ನು ನೋಡಿ, "ಇದು ರೊಟ್ಟಿ ಕೊಟ್ಟ ಇನಾಮ" ಎಂದರು. ಕೂಡುಕುಟುಂಬದಲ್ಲಿ ಫಜ್ರ್‌ಗೂ ಮೊದಲೇ ಎದ್ದು ದಿನಕ್ಕೆ ನಲವತ್ತು ರೊಟ್ಟಿ ಬಡಿಯುತ್ತಿದ್ದರಂತೆ. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಎಳೆದರೆ ಹಿಗ್ಗುವ ಅಂಟಿಲ್ಲ. ಕುದಿಯುವ ನೀರು ಸುರಿದು, ಬಿಸಿ ಇರುವಾಗಲೇ ನಾದಿ, ಅಂಗೈಯಿಂದ ತಟ್ಟುತ್ತಾ ತಿರುಗಿಸುತ್ತಾ ತೆಳುವಾಗಿಸಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಹಚ್ಚಬೇಕು. ಗಿರಣಿಯಿಂದ ತಂದ ಹಿಟ್ಟು ಹಳತಾದರೆ ಜಿಗಿ ಹೋಗಿ ಅಂಚು ಬಿರಿಯುತ್ತದೆ. ಬೆಳಗಿನ ರೊಟ್ಟಿ ಮುಗಿಯುವಷ್ಟರಲ್ಲಿ ಹೊಗೆಗೆ ಕಣ್ಣು ಉರಿ, ಬಿಸಿಗೆ ಅಂಗೈ ಕೆಂಪು.

ಆಪಾರ ಸೊಸೆ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಏಳೂವರೆಗೆ ಮನೆ ಬಿಡಬೇಕು. ಅವಳು ಕುಕ್ಕರಿನಲ್ಲಿ ಅಕ್ಕಿ ಇಟ್ಟರೆ ಅದಕ್ಕೆ ಸೋಮಾರಿತನ ಎಂದು ಹೆಸರಿಡಲು ನನಗೆ ಮನಸ್ಸಾಗಲಿಲ್ಲ. ಆರೋಗ್ಯದ ಬಗ್ಗೆ ಬರೆಯುವವರು "ನಮ್ಮ ಹಿರಿಯರ ಆಹಾರಕ್ಕೆ ಮರಳೋಣ" ಎಂದು ಸುಲಭವಾಗಿ ಹೇಳುತ್ತಾರೆ. ಆ ಆಹಾರ ಯಾರ ಭುಜದ ಮೇಲೆ ನಿಂತಿತ್ತು ಎಂದು ಹೇಳುವುದಿಲ್ಲ. ಜೋಳ ತಟ್ಟೆಯಿಂದ ಹೋದದ್ದಕ್ಕೆ ರುಚಿಗಿಂತ ದೊಡ್ಡ ಕಾರಣ ಇದೇ ಇರಬೇಕು ಎಂದು ನನಗನಿಸುತ್ತದೆ.

ಮರುದಿನ ಬೆಳಿಗ್ಗೆ ಸೊಸೆಯೊಂದಿಗೆ ಗೋಲಗುಮ್ಮಟದತ್ತ ನಡೆದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಮೂಲೆಯಲ್ಲಿರುವ ಏಳು ಅಂತಸ್ತಿನ ಮಿನಾರಿನೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿಯೇ ಗುಮ್ಮಟದ ಗ್ಯಾಲರಿಗೆ ತಲುಪಬೇಕು. ಶಾಲೆಯ ದಿನಗಳಲ್ಲಿ ಓಡುತ್ತಾ ಹತ್ತಿದ್ದವಳು ಈಗ ಮೂರು ಕಡೆ ನಿಂತು ಉಸಿರೆಳೆದುಕೊಂಡೆ. ಮೇಲೆ ಮಕ್ಕಳು ಕೂಗುತ್ತಿದ್ದರು, ಗುಮ್ಮಟ ಉತ್ತರಿಸುತ್ತಿತ್ತು. "ಮದುವೆಯಾಗಿ ಬಂದ ವರ್ಷ ಅತ್ತೆ ನನ್ನನ್ನು ಇಲ್ಲಿಗೆ ಕರೆತಂದು ನನಗಿಂತ ಮೊದಲೇ ಹತ್ತಿ ನಿಂತಿದ್ದರು" ಎಂದಳು ಸೊಸೆ. ಅವಳಿಗೆ ಮದುವೆಯಾಗಿ ಒಂಬತ್ತು ವರ್ಷ ಅಷ್ಟೇ.

ಇಳಿದು ಬರುವಾಗ ಅವಳು ಪಕ್ಕದ ಓಣಿಯ ಒಂದು ಮನೆಗೆ ಕರೆದೊಯ್ದಳು. ಮೂವರು ಹೆಂಗಸರು ಕೂತು ಪಟಪಟ ರೊಟ್ಟಿ ಬಡಿಯುತ್ತಿದ್ದರು. ಕೆಂಡದ ಕಾವಿಗೆ ಒಣಗಿಸಿದ ಖಡಕ್ ರೊಟ್ಟಿಗಳು ಬುಟ್ಟಿಯಲ್ಲಿ ಗೋಪುರದಂತೆ ನಿಂತಿದ್ದವು. ತಿಂಗಳಾದರೂ ಕೆಡುವುದಿಲ್ಲವಂತೆ. ಒಂದು ರೊಟ್ಟಿಯ ಬೆಲೆ ಹೋಟೆಲಿನ ಒಂದು ಚಹಾಕ್ಕಿಂತ ಕಡಿಮೆ. ಈ ಭಾಗದ ಊರೂರುಗಳಲ್ಲಿ ಎಷ್ಟೋ ಹೆಂಗಸರು ಹೀಗೆ ಮನೆ ನಡೆಸುತ್ತಾರೆ. ಭುಜದ ನೋವು ಇವರಿಗೂ ತಪ್ಪಿದ್ದಲ್ಲ, ಆದರೆ ಕೈಗೆ ದುಡ್ಡಾದರೂ ಬರುತ್ತದೆ. "ಮೊದಲೇ ಇಲ್ಲಿಂದ ತರಬಹುದಿತ್ತು. ಹೊರಗಿನಿಂದ ರೊಟ್ಟಿ ತಂದರೆ ಸೊಸೆಗೆ ಕೈ ಬರುವುದಿಲ್ಲ ಅಂತಾರೆ ಎಂದು ಸುಮ್ಮನಿದ್ದೆ" ಎಂದಳು ಆ ಹುಡುಗಿ ಮೆಲ್ಲಗೆ.

ಇಲ್ಲಿಯವರೆಗೆ ಓದಿದ ನೀವು, "ಹಾಗಾದರೆ ಅನ್ನ ಬಿಟ್ಟು ಜೋಳದ ರೊಟ್ಟಿ ತಿಂದರಾಯಿತು" ಎನ್ನುತ್ತೀರೇನೋ. ಆಪಾ ಕೂಡ ಹಾಗೆಯೇ ಎಣಿಸಿದ್ದರು. ಕಾಯಿಲೆ ಗೊತ್ತಾದ ಹೊಸತರಲ್ಲಿ ಯಾರೋ ಹೇಳಿದರೆಂದು ಒಂದು ವರ್ಷ ಅನ್ನ ಬಿಟ್ಟು ರೊಟ್ಟಿ ತಿಂದರು. ಹೊತ್ತಿಗೆ ನಾಲ್ಕು ರೊಟ್ಟಿ, ಜೊತೆಗೆ ಆಲೂಗಡ್ಡೆ ಪಲ್ಯ. ಸಕ್ಕರೆ ಇಳಿಯಲಿಲ್ಲ. ಬೇಸತ್ತು ಮತ್ತೆ ಅನ್ನಕ್ಕೆ ಮರಳಿದರು, ಕ್ರಮೇಣ ಮಾತ್ರೆಯನ್ನೂ ಆಗಾಗ ಮರೆತರು.

ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೊಟೀನ್ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗಿಂತ ಕಡಿಮೆ. ಮೈದಾದ ಕತೆಯೂ ಅಷ್ಟೆ. ನಾರು ಹೆಚ್ಚಿದ್ದರೆ ಹೊಟ್ಟೆ ಬೇಗ ತುಂಬುತ್ತದೆ, ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಆದರೆ ಅದೇ 100 ಗ್ರಾಂ ಜೋಳದಲ್ಲಿ 67 ಗ್ರಾಮಿನಷ್ಟು ಪಿಷ್ಟವೂ ಇದೆ! ನಾಲ್ಕು ರೊಟ್ಟಿ ತಿಂದರೆ ಅದೂ ಸಕ್ಕರೆಯಾಗಿಯೇ ರಕ್ತ ಸೇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಮಂದಿ ನನ್ನಂತೆ ಹೊಸ್ತಿಲಲ್ಲಿದ್ದಾರೆ ಎಂದಿತು. ಅದೇ ಅಧ್ಯಯನದವರು 2025ರಲ್ಲಿ ನಮ್ಮ ತಟ್ಟೆಗಳ ಲೆಕ್ಕ ಕೊಟ್ಟರು. ನಾವು ಪಡೆಯುವ ಶಕ್ತಿಯ ಶೇಕಡಾ 62ರಷ್ಟು ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ. ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಂದರೆ ಸಾಲದು, ಆ ಪಾಲು ಇಳಿದು ಅದರ ಒಂದಂಶದಲ್ಲಿ ಬೇಳೆ, ಕಾಳು, ಹಾಲು, ಮೊಸರಿನ ಪ್ರೊಟೀನ್ ಬಂದಾಗ ಅಪಾಯ ಕಡಿಮೆಯಾಗುವಂತೆ ಕಂಡಿತು ಎಂದರು.

ಇದಕ್ಕಿಂತ ಹಳೆಯ ಪಾಠವೊಂದು ಇದೇ ದಖ್ಖನಿನಲ್ಲಿದೆ. ಜೋಳವೊಂದನ್ನೇ ತಿಂದು ಬದುಕುತ್ತಿದ್ದ ಬಡವರಲ್ಲಿ ಪೆಲ್ಲಾಗ್ರಾ ಎಂಬ ಕಾಯಿಲೆ ಕಾಣಿಸುತ್ತಿತ್ತು. ಬಿಸಿಲು ತಾಗುವ ಕೈ, ಕುತ್ತಿಗೆಯ ಚರ್ಮ ಕಪ್ಪಾಗಿ ಒರಟಾಗುತ್ತಿತ್ತು, ಭೇದಿಯಾಗುತ್ತಿತ್ತು, ಕೆಲವರ ಬುದ್ಧಿಯೂ ಮಂಕಾಗುತ್ತಿತ್ತು. ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆ ಅದು. ಹೈದರಾಬಾದಿನ ಅದೇ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಾಂತಯ್ಯ 1960ರಲ್ಲಿ ಇದರ ಬಗ್ಗೆ ಬರೆದು, ಜೋಳದಲ್ಲಿ ಅತಿಯಾಗಿರುವ ಲ್ಯೂಸಿನ್ ಎಂಬ ಅಂಶವೂ ಇದಕ್ಕೆ ಕಾರಣವಿರಬಹುದು ಎಂದಿದ್ದರು. ಅಂದರೆ ಬರೀ ರೊಟ್ಟಿ, ಬರೀ ಖಾರದ ಪುಡಿ ತಿಂದವರನ್ನು ಜೋಳ ಕಾಪಾಡಲಿಲ್ಲ. ಅಮ್ಮಾರ ತಟ್ಟೆಯಲ್ಲಿ ಜೋಳದ ಜೊತೆ ಮಡಿಕೆ ಕಾಳು, ಶೇಂಗಾ, ಮೊಸರು, ಸೊಪ್ಪು ಇದ್ದವು. ಹೊಲದಲ್ಲಿ ದುಡಿಮೆ ಇತ್ತು, ಮಗ್ರಿಬ್ ಕಳೆದ ಕೂಡಲೇ ರಾತ್ರಿಯೂಟ ಇತ್ತು. ಇನ್ನು ಅವರ ಮೈಯ ಗುಣವೂ ಇರಬಹುದು. ಅಂತಹ ಊಟ ಉಂಡ ಎಲ್ಲರೂ ಎಂಬತ್ತು ದಾಟಲಿಲ್ಲ ಎಂಬುದನ್ನೂ ಮರೆಯಬಾರದು.

ಸಂಜೆ ಆಪಾರ ಮೈದುನರ ಹೊಲಕ್ಕೆ ಕರೆದೊಯ್ದರು. ಜನವರಿಯಲ್ಲಿ ಅಲ್ಲಿಗೆ ಹೋದರೆ ನೀವು ಸೀತನಿ ತಿನ್ನದೆ ಬರಬೇಡಿ. ಹಾಲು ತುಂಬಿದ ಎಳೆಯ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಉಜ್ಜಿ, ಊದಿ ಹೊಟ್ಟು ಹಾರಿಸಿ ಕೈಗೆ ಹಾಕುತ್ತಾರೆ. ಹಸಿರು ಮುತ್ತಿನಂತಹ ಕಾಳು, ಜೊತೆಗೆ ಶೇಂಗಾ ಹಿಂಡಿ. ನಾನು ಮೂರು ಹಿಡಿ ತಿಂದೆ, ಆ ಹೊತ್ತಿನಲ್ಲಿ 6.2 ನೆನಪಾಗಲಿಲ್ಲ. ವರ್ಷಕ್ಕೊಮ್ಮೆ ಹೊಲದಲ್ಲಿ ಕೂತು ತಿನ್ನುವುದು ಯಾರ ಕಾಲನ್ನೂ ತೆಗೆಯುವುದಿಲ್ಲ. ಈದ್‌ನ ಬಿರಿಯಾನಿಯೂ ತೆಗೆಯುವುದಿಲ್ಲ. ಉಳಿದ ಮುನ್ನೂರು ಚಿಲ್ಲರೆ ದಿನಗಳಲ್ಲಿ ಏನು ತಿನ್ನುತ್ತೇವೆ ಎಂದು ಬೆಂಕಿಯ ಎದುರು ಕೂತು ನಾನು ಎಣಿಸಿದೆ. ಬೆಳಿಗ್ಗೆ ಅಕ್ಕಿಯ ದೋಸೆ ಇಲ್ಲವೇ ಪತ್ತಿರಿ, ಮಧ್ಯಾಹ್ನ ಅನ್ನ, ಸಂಜೆ ಬನ್ಸ್ ಅಥವಾ ಬಿಸ್ಕತ್ತು, ರಾತ್ರಿ ಬೇಕರಿಯ ಪರೋಟ. ಅಕ್ಕಿ, ಅಕ್ಕಿ, ಮೈದಾ, ಮೈದಾ. ನನ್ನ ಉಮ್ಮ ಕೆಂಪು ಕುಚಲಕ್ಕಿಯ ಗಂಜಿಗೆ ಬೂತಾಯಿ ಸಾರು, ಬಸಳೆ, ಹುರುಳಿ ಚಟ್ನಿ ಬಡಿಸುತ್ತಿದ್ದರು. ಅದೇ ಕುಚಲಕ್ಕಿಯನ್ನು ನಾವೀಗ ತವಡು ಉಜ್ಜಿ ತೆಗೆಸಿ ಬೆಳ್ಳಗೆ ಮಾಡಿಸಿ ತರುತ್ತೇವೆ, ನೆಂಟರ ಮುಂದೆ ಕೆಂಪಕ್ಕಿ ಬಡಿಸಲು ನಾಚುತ್ತೇವೆ. ವಿಜಯಪುರದವರ ರೊಟ್ಟಿಗೆ ಆದದ್ದೇ ನಮ್ಮ ಕುಚಲಕ್ಕಿಗೂ ಆಗಿದೆ.

ಆ ರಾತ್ರಿ ಆಪಾ ದಿಂಬಿನ ಕೆಳಗಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಆಸ್ಪತ್ರೆಯಲ್ಲಿ ಪಥ್ಯ ಹೇಳಿಕೊಡುವ ಹುಡುಗಿ ಅದರಲ್ಲಿ ಒಂದು ತಟ್ಟೆ ಬರೆದು ಗೆರೆ ಎಳೆದಿದ್ದಳು. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು ಮಾಂಸ, ಉಳಿದ ಕಾಲು ಭಾಗದಲ್ಲಿ ಮಾತ್ರ ಅನ್ನವೋ ರೊಟ್ಟಿಯೋ. ಅಮ್ಮಾ ಅದನ್ನು ಕನ್ನಡಕ ಹಾಕಿ ನೋಡಿ, "ಇದೇನ್ ಹೊಸಾದು? ಇದು ನನ್ನ ತಾಟ" ಎಂದರು. ಮೂವರೂ ನಕ್ಕೆವು. ಅಂದು ಆಪಾ ಒಂದು ರೊಟ್ಟಿ ತಿಂದರು, ಪಲ್ಯ ಎರಡು ಸಲ ಹಾಕಿಸಿಕೊಂಡರು. ಮಲಗುವ ಮೊದಲು ಸೊಸೆ ಕನ್ನಡಿ ಹಿಡಿದು ಅವರ ಎರಡೂ ಪಾದದ ಅಡಿಯನ್ನು ನೋಡಿದಳು. ಈಗ ದಿನಾ ಹಾಗೆ ನೋಡುತ್ತಾಳಂತೆ. ಮಾತ್ರೆಯ ಡಬ್ಬಿಯೂ ಅವಳ ಕೈಯಲ್ಲೇ ಇದೆ.

ಬರುವಾಗ ಐದು ಕಿಲೋ ಮಾಲ್ದಂಡಿ ಜೋಳ ಹೊತ್ತು ತಂದೆ. ನಮ್ಮ ಮಿಲ್ಲಿನವರು ಅರಿಶಿನ ಹುಡಿ ಮಾಡಿದ ಯಂತ್ರದಲ್ಲೇ ಅದನ್ನು ಹುಡಿ ಮಾಡಿಕೊಟ್ಟದ್ದರಿಂದ ನನ್ನ ಮೊದಲ ರೊಟ್ಟಿ ಹಳದಿಯಾಗಿತ್ತು, ಅಂಚನ್ನೆಲ್ಲ ಹಂಚಿನಲ್ಲೇ ಬಿಟ್ಟು ಬಂತು. ಬಂಗುಡೆ ಸಾರಿನೊಂದಿಗೆ ಯಜಮಾನರು ಏನೂ ಹೇಳದೆ ತಿಂದರು, ಮರುದಿನ ಅನ್ನ ಕೇಳಿದರು. ಈಗ ನಮ್ಮ ಮನೆಗೆ ಕೆಂಪು ಕುಚಲಕ್ಕಿ ಮರಳಿದೆ, ತಟ್ಟೆಗೆ ಬೀಳುವ ಸೌಟು ಎರಡರಿಂದ ಒಂದಾಗಿದೆ, ಹುರುಳಿ ವಾರಕ್ಕೆ ಮೂರು ದಿನ ಬೇಯುತ್ತದೆ. ಪರೋಟ ನಿಂತಿಲ್ಲ, ಶುಕ್ರವಾರಕ್ಕೆ ಸೀಮಿತವಾಗಿದೆ. ನನ್ನ ಮುಂದಿನ ರಕ್ತ ಪರೀಕ್ಷೆ ಇನ್ನೂ ಆಗಬೇಕಷ್ಟೆ.

ಮೊನ್ನೆ ಆಪಾ ಫೋನ್ ಮಾಡಿದ್ದರು. ಗಾಯ ಮಾಯಿದೆ, ಮೆತ್ತನೆಯ ಅಡಿಯ ಹೊಸ ಚಪ್ಪಲಿ ಹಾಕಿ ಅಂಗಳದವರೆಗೆ ನಡೆಯುತ್ತಿದ್ದಾರೆ. ದಿನದ ರೊಟ್ಟಿ ಪಕ್ಕದ ಓಣಿಯಿಂದಲೇ ಬರುತ್ತದೆ. ರವಿವಾರ ಮಾತ್ರ ಸೊಸೆ ಅಮ್ಮಾರ ಬಳಿ ಕೂತು ಬಡಿಯುವುದನ್ನು ಕಲಿಯುತ್ತಿದ್ದಾಳೆ. ಕಳೆದ ವಾರ ಅವಳ ರೊಟ್ಟಿ ಮೊದಲ ಬಾರಿಗೆ ಹಂಚಿನ ಮೇಲೆ ಪೂರ್ತಿ ಉಬ್ಬಿತಂತೆ. ಅಮ್ಮಾ ಅದನ್ನು ಯಾರಿಗೂ ಕೊಡದೆ ತಾವೇ ತಿಂದರಂತೆ.